ದೇವೀರಮ್ಮನ ನೆಗೆಟಿವ್

ಹೋದ ತಿಂಗಳು ಒಂದು ಬೆಳಿಗ್ಗೆ, ನೀರು ಕಾಯಿಸುವ ಕೆಟಲಿನ ತಳದಲ್ಲಿ ಕಟ್ಟಿದ್ದ ಬಿಳಿ ಪೊರೆ ಬಿಡಿಸಲೆಂದು ನನ್ನ ಸೊಸೆ ಅದಕ್ಕೆ ವಿನಿಗರ್ ಸುರಿದು ಕುದಿಸಿದಳು. ಹಾಸನದಲ್ಲಿ ಬೋರ್‌ವೆಲ್ ನೀರು ಕುಡಿಯುವವರಿಗೆ ಈ ಪೊರೆಯ ಪರಿಚಯ ಇದ್ದೇ ಇರುತ್ತದೆ. ನಾನು ಹಜಾರದಲ್ಲಿ ಪೇಪರು ಹಿಡಿದು ಕೂತಿದ್ದೆ. ಆ ಹುಳಿ ಘಾಟು ಮೂಗಿಗೆ ಬಂದದ್ದೇ ತಡ, ನನ್ನ ಕೈ ತಾನಾಗಿಯೇ ಎದ್ದು ಗೋಡೆಯ ಮೇಲೆ ಸ್ವಿಚ್ಚಿಗಾಗಿ ತಡಕಾಡಿತು.

“ಏನ್ ಮಾವ, ಲೈಟ್ ಹಾಕ್ಬೇಕಾ?” ಎಂದಳು ಸೊಸೆ.

“ಹಾಕೋದಕ್ಕಲ್ಲಮ್ಮ, ಆರಿಸೋದಕ್ಕೆ,” ಎಂದೆ. ಹಗಲು ಹತ್ತು ಗಂಟೆಗೆ ಯಾವ ದೀಪವೂ ಉರಿಯುತ್ತಿರಲಿಲ್ಲ. ಅವಳು ಪಾಪ, ಏನೂ ಕೇಳದೆ ಒಳಗೆ ಹೋದಳು. ಅರವತ್ತು ದಾಟಿದವರ ಮಾತಿಗೆಲ್ಲ ಅರ್ಥ ಕೇಳಬಾರದೆಂದು ಈಗಿನವರಿಗೆ ಗೊತ್ತಾಗಿದೆ.

ನಾನು ಬಾಳಿನ ಬಹುಪಾಲನ್ನು ಕತ್ತಲೆ ಕೋಣೆಯಲ್ಲಿ ಕಳೆದವನು. ಇದು ಅಲಂಕಾರದ ಮಾತಲ್ಲ. ಫೋಟೋ ಸ್ಟುಡಿಯೋಗಳ ಹಿಂಭಾಗದಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಬಡಿದು, ಒಂದು ಕೆಂಪು ಬಲ್ಬು ಇಳಿಬಿಟ್ಟು, ಕಾಗದದ ಮೇಲೆ ಜನರ ಮುಖ ಎಬ್ಬಿಸುತ್ತಿದ್ದ ಕೋಣೆ. ಮುಖ ಮೂಡಿಸುವುದಕ್ಕೆ ಒಂದು ಟ್ರೇ, ಅದನ್ನು ಉಳಿಸುವುದಕ್ಕೆ ಇನ್ನೊಂದು, ಎರಡರ ನಡುವೆ ವಿನಿಗರ್ ವಾಸನೆಯ ಆಸಿಡ್ ನೀರು. ಈ ಮೂರರ ಮುಂದೆ ನಿಂತು ನಿಂತು ಸೊಂಟ ಹೋಯಿತು, ಕಣ್ಣು ಹೋಯಿತು, ಬೆರಳ ತುದಿ ಕಂದಿತು. ಇದನ್ನೆಲ್ಲ ದೂರಿನಂತೆ ಹೇಳುತ್ತಿಲ್ಲ. ದೂರು ಹೇಳುವುದಕ್ಕೂ ಒಂದು ಹುರುಪು ಬೇಕು. ಆದರೆ ಆ ವಾಸನೆ ಬಂದ ದಿನದಿಂದ ಒಬ್ಬ ಹೆಂಗಸಿನ ನೆನಪು ನನ್ನನ್ನು ಬಿಡಲಿಲ್ಲ. ಅವಳಿಗೆ ನಾನು ಮಾಡಿದ ಕೆಲಸವೂ ಬಿಡಲಿಲ್ಲ. ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೆಂಟು ವರ್ಷ. ಹುಟ್ಟಿದ್ದು ಅರಕಲಗೂಡು, ಹೊಟ್ಟೆಪಾಡು ಹೊಳೆನರಸೀಪುರದಲ್ಲಿ. ನಾರಾಯಣಣ್ಣ ಎಂಬವರ ಸ್ಟುಡಿಯೋದಲ್ಲಿ ಅವರು ಫೋಟೋ ತೆಗೆಯುತ್ತಿದ್ದರು, ನಾನು ತೊಳೆದು ಪ್ರಿಂಟು ಹಾಕುತ್ತಿದ್ದೆ. ಹಾಸನಕ್ಕೆ ಬಣ್ಣದ ಲ್ಯಾಬು ಬಂದಿತ್ತಾದರೂ ಹಾಲ್ ಟಿಕೆಟ್ಟಿಗೆ, ಅರ್ಜಿಗೆ, ಗೋಡೆಗೆ ಜನ ಇನ್ನೂ ಕಪ್ಪು ಬಿಳುಪಿನ ಪಟ ಕೇಳುತ್ತಿದ್ದರು. ನಮ್ಮ ಕತ್ತಲೆ ಕೋಣೆಯಲ್ಲಿ ಒಂದು ಎನ್‌ಲಾರ್ಜರ್ ಇತ್ತು. ನೋಡದವರಿಗೆ ಹೇಳುತ್ತೇನೆ: ಒಂದು ಕಬ್ಬಿಣದ ಕಂಬ, ಕಂಬದ ನೆತ್ತಿಯ ಮೇಲೆ ಬಲ್ಬು ಕೂರುವ ಡಬ್ಬಿ. ಬಲ್ಬಿನ ಕೆಳಗೆ ನೆಗೆಟಿವ್ ಸಿಕ್ಕಿಸುವ ತಗಡಿನ ಚೌಕಟ್ಟು, ಅದಕ್ಕೆ ಕ್ಯಾರಿಯರ್ ಎನ್ನುತ್ತಿದ್ದೆವು. ಅದರ ಕೆಳಗೆ ಲೆನ್ಸು, ತೀರಾ ಕೆಳಗೆ ಹಲಗೆ. ಬಲ್ಬು ಹತ್ತಿಸಿದರೆ ಬೆರಳಷ್ಟಗಲದ ನೆಗೆಟಿವ್ ಹಲಗೆಯ ಮೇಲೆ ಮೊರದಷ್ಟಗಲ ಬೀಳುತ್ತದೆ. ಇಷ್ಟೇ ಯಂತ್ರ.

ಇಷ್ಟೇ ಯಂತ್ರದ ಬಗ್ಗೆ ನನಗಿದ್ದ ಜಂಬವನ್ನು ನೆನೆದರೆ ಈಗ ಸುಸ್ತಾಗುತ್ತದೆ. ಅದರ ಪ್ರತಿ ಸ್ಕ್ರೂ ನನಗೆ ಗೊತ್ತಿತ್ತು. ಆದ್ದರಿಂದ ಲೋಕದ ಎನ್‌ಲಾರ್ಜರುಗಳೆಲ್ಲ ಗೊತ್ತು ಎಂದುಕೊಂಡಿದ್ದೆ. ನಮ್ಮದು ಮೂವತ್ತೈದರದ್ದು, ಅಂದರೆ ಅಂಚಿನಲ್ಲಿ ತೂತುಗಳಿರುವ ಸಣ್ಣ ರೀಲಿನದ್ದು. ಆ ಪಟ್ಟಿ ಜಾರಿಕೊಂಡು ಹೋಗುವಷ್ಟೇ ಅಗಲದ ಕಾಲುವೆ ಕ್ಯಾರಿಯರಿನಲ್ಲಿತ್ತು. ಬೆಳಕು ಹರಡುವುದು, ಲೆನ್ಸು ಹಿಡಿಯುವುದು ಎಲ್ಲ ಆ ಅಳತೆಗೇ. ಹಿಂದಿನವರ ಪೆಟ್ಟಿಗೆ ಕ್ಯಾಮೆರಾಗಳ ದೊಡ್ಡ ಚೌಕದ ನೆಗೆಟಿವ್ ಇದೆಯೆಂದು ಕೇಳಿದ್ದೆ, ಒಂದೆರಡು ಸಲ ನೋಡಿಯೂ ಇದ್ದೆ. ಅಂಥದ್ದು ನನ್ನ ಕೈಗೆ ಕೆಲಸವಾಗಿ ಬಂದಿರಲಿಲ್ಲ.

ಬಂದ ದಿನ ನಾರಾಯಣಣ್ಣ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ಯಾವುದೋ ಮದುವೆಗೆಂದು ಮೂರು ದಿನದ ಮಟ್ಟಿಗೆ ಹೋಗಿದ್ದರು. ಬೆಳಗಿನ ಹೊತ್ತು ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹಣೆ ಬರಿದು. ಎಲೆಅಡಿಕೆ ಚೀಲದಿಂದ ನೋಟ್‌ಬುಕ್ಕಿನ ಹಾಳೆಯ ಮಡಿಕೆಯೊಂದನ್ನು ತೆಗೆದು ಬಿಡಿಸಿದಳು. ಒಳಗೆ ಅಂಗೈಯಲ್ಲಿ ಹಿಡಿಯುವಂಥ ಚೌಕದ ನೆಗೆಟಿವ್ ಇತ್ತು.

“ಇದ್ರಲ್ಲಿ ನಾನೂ ನಮ್ಮೆಜಮಾನ್ರೂ ಅವೀವಿ ಸಾ. ದೊಡ್ಡ ಪಟ ಮಾಡ್ಕೊಡಿ. ಆಪೀಸಿಗೆ ಕೊಡ್ಬೇಕು. ಇಬ್ರೂ ಒಂದೇ ಪಟದಲ್ಲಿ ಇರ್ಬೇಕಂತೆ.”

ಅವಳೇ ದೇವೀರಮ್ಮ. ಚನ್ನರಾಯಪಟ್ಟಣದ ಹತ್ತಿರದ ಬಾಗೂರಿನ ಮಗಳು, ಕೊಟ್ಟಿದ್ದು ಹೊಳೆನರಸೀಪುರದ ಕಡೆಯ ಒಂದು ಹಳ್ಳಿಗೆ. ಗಂಡ ರಂಗಯ್ಯ ಕಾಲುವೆಯ ತೂಬು ನೋಡಿಕೊಳ್ಳುವ ಸರ್ಕಾರಿ ಕೆಲಸದಲ್ಲಿದ್ದ. ಹಾವು ಕಚ್ಚಿ ತೀರಿಕೊಂಡಿದ್ದ. ಅವನ ಕೆಲಸದ ಬದಲಿಗೆ ಹೆಂಡತಿಗೊಂದು ಕೆಲಸ ಕೊಡುತ್ತಾರೆಂದು ಯಾರೋ ಹೇಳಿ ಅರ್ಜಿ ಹಾಕಿಸಿದ್ದರು. ಅಷ್ಟರಲ್ಲಿ ರಂಗಯ್ಯನ ಅಣ್ಣ ಆಫೀಸಿಗೆ ಹೋಗಿ, ಅವಳು ಮದುವೆಯಾದ ಹೆಂಡತಿಯಲ್ಲ, ಸುಮ್ಮನೆ ಬಂದು ಸೇರಿಕೊಂಡವಳು, ಕೆಲಸ ನನ್ನ ಮಗನಿಗೆ ಬರಬೇಕು ಎಂದು ಬರೆದುಕೊಟ್ಟಿದ್ದ. ಮದುವೆ ನಡೆದದ್ದು ಬಾಗೂರಿನ ಮನೆಯ ಮುಂದೆ, ಸಣ್ಣ ಚಪ್ಪರದಲ್ಲಿ. ಎಲ್ಲೂ ಬರೆಸಿರಲಿಲ್ಲ. ಗೋಡೆಯ ಮೇಲಿದ್ದ ಮದುವೆಯ ಪಟ ರಂಗಯ್ಯ ಸತ್ತ ವಾರದಲ್ಲೇ ಕಾಣೆಯಾಗಿತ್ತು. ಉಳಿದದ್ದು ಈ ನೆಗೆಟಿವ್ ಒಂದೇ. ಅದು ತವರಿನ ಟ್ರಂಕಿನಲ್ಲಿದ್ದುದರಿಂದ ಉಳಿದಿತ್ತು.

ಇಷ್ಟನ್ನೂ ಅವಳು ಆ ದಿನ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನೆಗೆಟಿವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ನೆಗೆಟಿವಿನಲ್ಲಿ ಬಿಳಿಯದು ಕಪ್ಪಾಗಿ, ಕಪ್ಪು ಬಿಳಿಯಾಗಿ ಕಾಣುತ್ತದಲ್ಲ. ಸುಣ್ಣ ಬಳಿದ ಗೋಡೆ ಕಾರ್ಗಪ್ಪಾಗಿತ್ತು. ಆ ಕಪ್ಪಿನ ಎಡಕ್ಕೆ ಒಬ್ಬ ಗಂಡು, ಬಲಕ್ಕೆ ಒಂದು ಹೆಣ್ಣು, ನಡುವೆ ಒಂದು ಹೆಜ್ಜೆಯಷ್ಟು ಖಾಲಿ.

“ಆಗುತ್ತೆ, ನಾಳೆ ಬಾರಮ್ಮ,” ಎಂದೆ.

ಆಗುವುದಿಲ್ಲ ಎಂದು ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಚೌಕದ ನೆಗೆಟಿವ್ ನಮ್ಮ ಕ್ಯಾರಿಯರಿನ ಕಾಲುವೆಯೊಳಗೆ ಇಳಿಯಲೇ ಇಲ್ಲ. ಮೇಲೆ ಅಡ್ಡಲಾಗಿ ಇಟ್ಟು ಬಲ್ಬು ಹತ್ತಿಸಿದೆ. ಹಲಗೆಯ ಮೇಲೆ ಗೋಡೆ ಬಿತ್ತು, ಒಂದು ಮೊಣಕೈ ಬಿತ್ತು. ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ಆಗ ಸುಮ್ಮನೆ ಹೊರಗೆ ಬಂದು, ನಾರಾಯಣಣ್ಣ ಬರಲಿ ಎಂದು ಕಾದಿದ್ದರೆ ಮುಗಿಯುತ್ತಿತ್ತು. ಆದರೆ “ಆಗುತ್ತೆ” ಎಂದು ನನ್ನ ಬಾಯಿಂದ ಬಂದುಹೋಗಿತ್ತು. ನಡುವೆ ಹೇಗೂ ಖಾಲಿ ಇದೆ, ಎರಡು ಪಟ್ಟಿ ಮಾಡಿದರೆ ಒಂದೊಂದೂ ಕಾಲುವೆಗೆ ಸರಿಯಾಗಿ ಕೂರುತ್ತದೆ, ಇಬ್ಬರನ್ನೂ ಬೇರೆ ಬೇರೆ ಪ್ರಿಂಟು ಹಾಕಿ ರಟ್ಟಿನ ಮೇಲೆ ಪಕ್ಕಪಕ್ಕ ಅಂಟಿಸಿಬಿಡೋಣ ಎಂದು ಲೆಕ್ಕ ಹಾಕಿದೆ. ಬಹಳ ಬುದ್ಧಿವಂತಿಕೆಯ ಲೆಕ್ಕ ಎಂದೂ ಅನ್ನಿಸಿತು. ಕತ್ತರಿ ತೆಗೆದುಕೊಂಡೆ. ಫಿಲ್ಮು ಕತ್ತರಿಸುವಾಗ ಸದ್ದೇ ಆಗುವುದಿಲ್ಲ.

ಮಾರನೆಯ ದಿನ ದೇವೀರಮ್ಮ ಬಂದಳು. ರಟ್ಟಿನ ಮೇಲೆ ಎಡಕ್ಕೆ ರಂಗಯ್ಯ, ಬಲಕ್ಕೆ ಅವಳು. ಅರ್ಧ ನೆಗೆಟಿವಿನ ಉದ್ದವೂ ನಮ್ಮ ಯಂತ್ರಕ್ಕೆ ಪೂರ್ತಿ ಹಿಡಿಯುತ್ತಿರಲಿಲ್ಲವಾದ್ದರಿಂದ ಇಬ್ಬರಿಗೂ ತೊಡೆಯಿಂದ ಕೆಳಗೆ ಏನೂ ಇರಲಿಲ್ಲ. ಮುಖ ಮಾತ್ರ ಬಲು ಚೆನ್ನಾಗಿ ಬಂದಿತ್ತು. ಅವಳು ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

“ಗಂಟೆಲ್ಲಿ ಸಾ?”

“ಯಾವ ಗಂಟು?”

“ಸೆರಗಿನ ಗಂಟು. ಅವ್ರ ಶಲ್ಯಕ್ಕೂ ನನ್ ಸೆರಗ್ಗೂ ಆಕಿದ್ರಲ್ಲ. ಇಲ್ಲಿ, ಮೊಣಕಾಲ್ ತಾವ ನೇತಾಡ್ತಿತ್ತು.”

ನಾನು ಒಳಗೆ ಹೋಗಿ ಎರಡು ತುಂಡುಗಳನ್ನೂ ಬಲ್ಬಿನ ಹತ್ತಿರ ಹಿಡಿದೆ. ಬಿಳಿ ಗೋಡೆಯ ಮುಂದೆ ಬಿಳಿ ಶಲ್ಯ, ನೆಗೆಟಿವಿನಲ್ಲಿ ಕಪ್ಪಿನ ಮೇಲೆ ಕಪ್ಪು. ಹುಡುಕಿದರೆ ಮಾತ್ರ ಕಾಣುವಂತಿತ್ತು. ನನ್ನ ಕತ್ತರಿ ಗಂಟಿನ ನಟ್ಟನಡುವೆ ಹೋಗಿತ್ತು.

ಅವಳು ಕೂಗಾಡಲಿಲ್ಲ. ರಟ್ಟನ್ನೂ ತುಂಡುಗಳನ್ನೂ ಇಸಿದುಕೊಂಡು ಹೋದಳು. ಬೇರೆ ದಾರಿಯಿಲ್ಲದೆ ಅದನ್ನೇ ಆಫೀಸಿಗೆ ಕೊಟ್ಟಳು. ಅಲ್ಲಿಯ ಗುಮಾಸ್ತರು ಉಗುರಿನಿಂದ ಜೋಡಣೆ ಎಬ್ಬಿಸಿ ನೋಡಿ, “ಅಂಟಿಸಿದ್ದು ಕಣಮ್ಮ ಇದು. ಹಿಂಗೆ ಯಾರನ್ನ ಯಾರ ಪಕ್ಕ ಬೇಕಾದ್ರೂ ನಿಲ್ಲಿಸಬಹುದು,” ಎಂದು ವಾಪಸು ಕೊಟ್ಟರಂತೆ. ಮುಂದಿನ ವಿಚಾರಣೆಯಲ್ಲಿ ಸರಿಯಾದ ಪುರಾವೆ ತರದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಎಂದೂ ಹೇಳಿದರಂತೆ. ಅದನ್ನು ಕೇಳಿಕೊಂಡು ಅವಳು ನೇರ ಸ್ಟುಡಿಯೋಗೆ ಬಂದು ಬೆಂಚಿನ ಮೇಲೆ ಕೂತಳು. ನಡೆದದ್ದನ್ನೆಲ್ಲ ನಿಧಾನವಾಗಿ, ಬೇರೆ ಯಾರದೋ ವಿಷಯದ ಹಾಗೆ ಹೇಳಿದಳು. ಆಗಲೇ ನನಗೆ ಪೂರ್ತಿ ಗೊತ್ತಾದದ್ದು. ಮಾರನೆಯ ದಿನವೂ ಬಂದು ಕೂತಳು. ಅದರ ಮಾರನೆಯ ದಿನವೂ. ಪಾಸ್‌ಪೋರ್ಟ್ ಫೋಟೋಗೆ ಬಂದವರು ತಲೆ ಬಾಚಿಕೊಳ್ಳುವಾಗ ಸರಿದು ಕನ್ನಡಿಗೆ ಜಾಗ ಕೊಡುತ್ತಿದ್ದಳು.

ನಾರಾಯಣಣ್ಣ ಅಷ್ಟರಲ್ಲಿ ಬಂದಿದ್ದರು. ನನ್ನನ್ನು ಒಳಗೆ ಕರೆದು ಮೆಲ್ಲಗೆ ಬೈದರು.

“ಗಿರಾಕಿ ನೆಗೆಟಿವ್‌ಗೆ ಕತ್ರಿ ಆಕ್ದೆ ಅಂತ ಊರಿಗೆ ಗೊತ್ತಾದ್ರೆ ನಮ್ ತಾವ ಯಾರ್ಲಾ ಬತ್ತಾರೆ? ಏನಾರ ಮಾಡಿ ಆಯಮ್ಮನ್ನ ಎಬ್ಬುಸ್ಲಾ ಅಲ್ಲಿಂದ.”

ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಹಾಸನದಲ್ಲಿ ಒಂದು ಹಳೆಯ ಸ್ಟುಡಿಯೋ ಇದೆ, ಅಲ್ಲಿ ದೊಡ್ಡ ಎನ್‌ಲಾರ್ಜರ್ ಇರಬಹುದು ಎಂದಷ್ಟೇ ಹೇಳಿದರು. ನಾನೂ ದೇವೀರಮ್ಮನೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿ ಕಡೆ, ನಾನು ನನ್ನ ಚಪ್ಪಲಿಯ ಕಡೆ ನೋಡುತ್ತಿದ್ದೆವು.

ಆ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಗಂಡ. ಕತ್ತಲೆ ಕೋಣೆ ಮಾತ್ರ ಹೆಂಡತಿಯದು. ಸರೋಜಕ್ಕ ಎಂದು. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಸೀರೆಯ ಮೇಲೆ ಗಂಡಸರ ಹಳೆಯ ಶರಟು ತೊಟ್ಟಿದ್ದರು. ತುಂಡುಗಳನ್ನು ಕೈಗೆ ತೆಗೆದುಕೊಂಡವರು ನನ್ನ ಮುಖವನ್ನೇ ನೋಡಿದರು.

“ಯಾವನಯ್ಯ ಇದನ್ನ ಕತ್ತರಿಸಿದೋನು?”

“ನಾನೇ ಅಕ್ಕ. ನಮ್ ಎನ್‌ಲಾರ್ಜರ್‌ಗೆ ಹಿಡೀಲಿಲ್ಲ.”

“ಹಿಡೀದೇ ಇದ್ರೆ? ಪೇಪರ್ ಮೇಲೆ ನೆಗೆಟಿವ್ ಇಟ್ಟು, ಮೇಲೊಂದು ಗಾಜು ಒತ್ತಿ, ಒಂದು ಗಳಿಗೆ ಲೈಟ್ ಹಾಕಿದ್ರೆ ಅಷ್ಟಗಲದ ಪಟ ಬರ್ತಿತ್ತಲ್ಲೋ! ದೊಡ್ಡದು ಬೇಕು ಅಂದ್ರೆ ಆ ಪಟವನ್ನೇ ನಿನ್ನ ಕ್ಯಾಮೆರಾದಲ್ಲಿ ಇನ್ನೊಂದ್ಸಲ ಹೊಡೀಬಹುದಿತ್ತು. ಎನ್‌ಲಾರ್ಜರ್ರೇ ಬೇಕಿರಲಿಲ್ಲ.”

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೆಲಸ ಕಲಿತ ಮೊದಲ ವಾರದಲ್ಲಿ ಹೇಳಿಕೊಟ್ಟಿದ್ದೇ ಅದು. ಗೊತ್ತಿದ್ದದ್ದು ಬೇಕಾದಾಗ ತಲೆಗೆ ಬರಲಿಲ್ಲ. ಇವತ್ತಿಗೂ ನನ್ನನ್ನು ಹೆಚ್ಚು ದಣಿಸುವುದು ಈ ಸಂಗತಿಯೇ. ಗೊತ್ತಿಲ್ಲದೆ ಕೆಡಿಸಿದವನಿಗೆ ಒಂದು ನೆಪವಾದರೂ ಉಂಟು.

ಸರೋಜಕ್ಕನ ಎನ್‌ಲಾರ್ಜರ್ ನಮ್ಮದಕ್ಕಿಂತ ಒಂದೂವರೆ ಪಾಲು ಎತ್ತರ. ನನ್ನ ಮೇಲಿನ ಸಿಟ್ಟು ಇಳಿಯುವವರೆಗೂ ಅವರು ಅದರ ಒಂದೊಂದೇ ಭಾಗ ತೋರಿಸಿ ಪಾಠ ಹೇಳಿದರು. ದೊಡ್ಡ ನೆಗೆಟಿವಿಗೆ ದೊಡ್ಡ ಕ್ಯಾರಿಯರ್ ಮಾತ್ರ ಇದ್ದರೆ ಸಾಲದಂತೆ. ಬಲ್ಬಿನ ಕೆಳಗಿನ ದಪ್ಪ ಗಾಜುಗಳೂ ಅಷ್ಟು ಅಗಲಕ್ಕೆ ಬೆಳಕು ಹರಡಬೇಕು, ಲೆನ್ಸೂ ಬೇರೆ ಇರಬೇಕು. ಸಣ್ಣ ಲೆನ್ಸು ಹಾಕಿದರೆ ನಾಲ್ಕು ಮೂಲೆಯೂ ಕಪ್ಪಾಗಿ ನಡುವೆ ಮಾತ್ರ ಪಟ ಬೀಳುತ್ತದಂತೆ. ದೊಡ್ಡದರಲ್ಲಿ ಸಣ್ಣದನ್ನು ಹೇಗಾದರೂ ಹೊಂದಿಸಬಹುದು, ಸಣ್ಣದರಲ್ಲಿ ದೊಡ್ಡದು ಕೂರುವುದಿಲ್ಲ. “ಯಂತ್ರ ನೆಗೆಟಿವ್‌ಗೆ ತಕ್ಕಂಗೆ ಇರ್ಬೇಕಯ್ಯ. ನೆಗೆಟಿವನ್ನ ಯಂತ್ರಕ್ಕೆ ತಕ್ಕಂಗೆ ಮಾಡೋಕೆ ಹೋಗಿದ್ದು ನೀನೊಬ್ಬನೇ,” ಎಂದರು.

ಆಮೇಲೆ ಎರಡು ಗಾಜಿನ ಹಾಳೆಗಳ ನಡುವೆ ತುಂಡುಗಳನ್ನಿಟ್ಟು, ಕಣ್ಣಿಗೆ ಭೂತಗನ್ನಡಿ ಹಿಡಿದು, ಸೂಜಿಯ ತುದಿಯಿಂದ ಕೂದಲೆಳೆ ಕೂದಲೆಳೆ ಸರಿಸುತ್ತಾ ಜೋಡಿಸಿದರು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಬಲ್ಬು ಹತ್ತಿಸಿದಾಗ ಹಲಗೆಯ ಮೇಲೆ ಇಬ್ಬರೂ ಕಾಲಿನವರೆಗೆ ನಿಂತರು. ಕಾಗದ ಟ್ರೇಗೆ ಬಿತ್ತು. ಕೆಂಪು ಬೆಳಕಿನಲ್ಲಿ ಮೊದಲು ತಲೆಗೂದಲು, ಆಮೇಲೆ ಕಣ್ಣು, ಎಲ್ಲಕ್ಕಿಂತ ಕೊನೆಗೆ ಆ ಬಿಳಿ ಗಂಟಿನ ಮಡಿಕೆಗಳ ನೆರಳು ಮೂಡಿತು. ಮೇಲಿಂದ ಕೆಳಗೆ ಒಂದು ಸಣ್ಣ ಕಪ್ಪು ಗೆರೆ ಮಾತ್ರ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ದೇವೀರಮ್ಮ ಬಗ್ಗಿ, “ಅದೇ, ಅದೇ ಕಣಕ್ಕ,” ಎಂದಳು.

ಸರೋಜಕ್ಕ ಪಟದ ಜೊತೆ ತುಂಡುಗಳನ್ನೂ ನನ್ನ ಕೈಗಿಟ್ಟರು. “ಗೆರೆ ಇದೆ. ಅವರು ಕೇಳೇ ಕೇಳ್ತಾರೆ. ಆಗ ನೀನೇ ಹೋಗಿ ನಿಂತ್ಕೋಬೇಕು, ಈಯಮ್ಮನ್ನ ಮುಂದೆ ಬಿಡ್ಬೇಡ. ಅಂಚಲ್ಲಿ ನೋಡು, ಫಿಲಂ ಕಂಪನಿಯವರ ನಂಬರು. ಅದೂ ಅರ್ಧ ಇಲ್ಲಿ, ಅರ್ಧ ಅಲ್ಲಿ. ಅದನ್ನ ತೋರ್ಸು.”

ವಿಚಾರಣೆಯ ದಿನ ಹೋಗುವುದಿಲ್ಲ ಎಂದೇ ನಾನು ಬೆಳಿಗ್ಗೆ ಎದ್ದದ್ದು. ಹೊಟ್ಟೆ ಸರಿಯಿಲ್ಲ ಎಂದು ನಾರಾಯಣಣ್ಣನಿಗೆ ಹೇಳಿದ್ದೆ ಕೂಡ. ಅವರಿಗೂ ಅದೇ ಬೇಕಿತ್ತು. ಆದರೆ ಬಾಗಿಲು ತೆಗೆದರೆ ದೇವೀರಮ್ಮ ಎದುರಿಗೆ ನಿಂತಿದ್ದಳು. “ಒರ್ಡಾನಾ ಸಾ?” ಎಂದಳು. ನಾನು ಬರದೇ ಇರಬಹುದೆಂಬ ಯೋಚನೆಯೇ ಅವಳ ಮುಖದಲ್ಲಿರಲಿಲ್ಲ. ನಾನು ಹೋದದ್ದು ಧೈರ್ಯದಿಂದಲ್ಲ. ಆ ಮುಖಕ್ಕೆ ಹೇಳುವ ಸುಳ್ಳು ಹೊಳೆಯದಿದ್ದುದರಿಂದ.

ಆಫೀಸಿನಲ್ಲಿ ಬೆಂಚಿನ ತುಂಬ ಜನ. ರಂಗಯ್ಯನ ಅಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದಿದ್ದ. ಸಾಹೇಬರು ಪಟ ನೋಡಿದರು, ಗೆರೆ ನೋಡಿದರು.

“ಇದೇನಿದು ನಡುವೆ?”

“ಅಂಟಿಸವ್ರೆ ಬುದ್ಧಿ,” ಎಂದ ಅಣ್ಣ. “ನನ್ ತಮ್ಮನ್ ಪಟ ಎಲ್ಲಿಂದ್ಲೋ ತಂದು ಇವ್ಳ್ ಪಕ್ಕ ನಿಲ್ಸವ್ರೆ.”

ನಾನು ಎದ್ದು ನಿಂತೆ.

“ಕತ್ತರಿಸಿದ್ದು ನಾನು ಸಾರ್. ಹೊಳೆನರಸೀಪುರದ ಸ್ಟುಡಿಯೋದಲ್ಲಿ ಕೆಲಸ ಮಾಡ್ತೀನಿ. ಒಂದೇ ನೆಗೆಟಿವ್ ಇತ್ತು. ನಮ್ ಮಷೀನಿಗೆ ಹಿಡೀಲಿಲ್ಲ ಅಂತ ಎರಡು ತುಂಡು ಮಾಡ್ದೆ.”

“ಹಿಡೀಲಿಲ್ಲ ಅಂತ ಕತ್ತರಿಸಿಬಿಟ್ರಾ?”

“ಹೌದು ಸಾರ್. ದಡ್ಡತನ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ತುಂಡುಗಳನ್ನು ಮೇಜಿನ ಮೇಲಿಟ್ಟೆ. ಕೈ ನಡುಗಿ ಒಂದು ಕೆಳಗೆ ಬಿತ್ತು. ಸಾಹೇಬರೇ ಬಗ್ಗಿ ಎತ್ತಿಕೊಂಡು, ಕಿಟಕಿಯ ಹತ್ತಿರ ಹೋಗಿ, ಎರಡನ್ನೂ ಗಾಜಿಗೆ ಒತ್ತಿ ಹಿಡಿದು ಜೋಡಿಸಿದರು. ಅಂಚಿನ ನಂಬರಿನ ಎರಡು ಅರ್ಧಗಳು ಒಂದಾದವು. ಆಮೇಲೆ ಅಣ್ಣನನ್ನು ಕರೆದರು.

“ಬಾರಯ್ಯ ಇಲ್ಲಿ. ಈ ಗಂಟು ಯಾರದು?”

ಅವನು ನೋಡಿದ. ಕಿಟಕಿಯ ಬೆಳಕು ತೀರಾ ಜೋರಾಗಿತ್ತೋ ಏನೋ, ಕಣ್ಣು ಕಿರಿದು ಮಾಡಿದ. ಆಮೇಲೆ ಪಂಚೆ ಸರಿಮಾಡಿಕೊಂಡು ಬೆಂಚಿನ ಕಡೆ ನಡೆದ. ಆ ಚಪ್ಪರದ ಕೆಳಗೆ ಅವನೂ ಇದ್ದವನೇ ತಾನೆ.

ಸಾಹೇಬರು ನನ್ನಿಂದ ಎಲ್ಲವನ್ನೂ ಬರೆಸಿಕೊಂಡರು. ನನ್ನ ಕೈಯಾರೆ, ನನ್ನ ದಡ್ಡತನವನ್ನು, ಸ್ಟುಡಿಯೋದ ಹೆಸರಿನ ಸಮೇತ. ಕೆಲವು ತಿಂಗಳ ಮೇಲೆ ದೇವೀರಮ್ಮನಿಗೆ ಚನ್ನರಾಯಪಟ್ಟಣದ ಒಂದು ಆಫೀಸಿನಲ್ಲಿ ಜವಾನರ ಕೆಲಸ ಆಯಿತೆಂದು ಕೇಳಿದೆ. ನನಗೆ ಹೊಳೆನರಸೀಪುರದಲ್ಲಿ “ಕತ್ರಿ” ಎಂದು ಹೆಸರು ಬಿತ್ತು. ನೆಗೆಟಿವ್ ಕೊಡುವಾಗ ಜನ, “ಇದನ್ನ ಇಂಗೇ ವಾಪಸ್ ಕೊಡಪ್ಪ,” ಎಂದು ನಗುತ್ತಿದ್ದರು. ನಾರಾಯಣಣ್ಣ ಕೆಲಸ ಬಿಡಿಸಲಿಲ್ಲ, ಮಾತು ಬಿಟ್ಟರು. ವರ್ಷ ತುಂಬುವುದರೊಳಗೆ ನಾನೇ ಅಲ್ಲಿಂದ ಎದ್ದು ಹಾಸನಕ್ಕೆ ಬಂದು ಸರೋಜಕ್ಕನ ಕತ್ತಲೆ ಕೋಣೆ ಸೇರಿಕೊಂಡೆ. ಅವರು ತೀರಿಕೊಂಡರು. ಫಿಲ್ಮು ಹೋಯಿತು, ಕತ್ತಲೆ ಕೋಣೆಗೆ ಜೆರಾಕ್ಸ್ ಮಷೀನು ಬಂತು. ನಾನು ಜೆರಾಕ್ಸನ್ನೂ ಹಾಕಿದೆ. ಈ ನಡುವೆ ಒಂದು ಸಲವೂ ಬಾಗೂರಿನ ಕಡೆ ಹೋಗಲಿಲ್ಲ. ಚನ್ನರಾಯಪಟ್ಟಣದಲ್ಲಿ ಕೆಲಸವಿದ್ದರೂ ಆ ಆಫೀಸಿನ ರಸ್ತೆ ತಪ್ಪಿಸಿ ಓಡಾಡುತ್ತಿದ್ದೆ.

ಇಲ್ಲಿಯವರೆಗೆ ಬರೆದು, ಮುಂದೇನು ಬರೆಯಬೇಕೆಂದು ತಿಳಿಯದೆ ಹಾಳೆ ಎತ್ತಿಟ್ಟಿದ್ದೆ. ಹೋದ ಸೋಮವಾರ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಬಾಗೂರಿಗೆ ಹೋಗಿಬಂದೆ. ಯಾಕೆ ಎಂದು ಮನೆಯಲ್ಲಿ ಹೇಳಲಿಲ್ಲ. ಒಂದು ತಪ್ಪನ್ನು ಒಪ್ಪಿಕೊಳ್ಳುವುದಿತ್ತು. ಆಫೀಸಿನಲ್ಲಿ ಸಾಹೇಬರಿಗೆ ಒಪ್ಪಿಕೊಂಡಿದ್ದೆ, ಅವಳ ಮುಂದೆ ಒಂದು ಮಾತೂ ಹೇಳಿರಲಿಲ್ಲ.

ದೇವೀರಮ್ಮ ಹೋದ ವರ್ಷ ರಿಟೈರಾಗಿ ತವರೂರಿನಲ್ಲೇ ಮನೆ ಮಾಡಿಕೊಂಡಿದ್ದಾರೆ. ಜಗಲಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಫೋಟೋ ಸ್ಟುಡಿಯೋ ಎಂದ ಮೇಲೆ ಮೊರ ಪಕ್ಕಕ್ಕಿಟ್ಟು ಎದ್ದರು. “ಅಯ್ಯೋ ಸಾ, ಬನ್ನಿ ಬನ್ನಿ, ಒಳೀಕ್ ಬನ್ನಿ!”

ಒಳಗೆ ಗೋಡೆಯ ಮೇಲೆ ಆ ಪಟ ಇತ್ತು. ಹೊಸ ಫ್ರೇಮು, ಬಾಗಿಲಷ್ಟು ದೊಡ್ಡದು. ಇಬ್ಬರೂ ಕಾಲಿನವರೆಗೆ, ನಡುವೆ ಗಂಟು. ಗೆರೆ ಇರಲಿಲ್ಲ. ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದೆ. ಎಲ್ಲೂ ಇರಲಿಲ್ಲ.

“ನಡುವೆ ಒಂದು ಗೆರೆ ಇತ್ತಲ್ಲ ದೇವೀರಮ್ಮ?”

“ಯಾವ್ ಗೆರೆ?” ಎಂದು ಅವರೂ ಬಂದು ನೋಡಿದರು. “ಓ, ಅದಾ? ನನ್ ತಮ್ಮನ್ ಮೊಮ್ಮಗ್ಳು ಪೋನಲ್ಲಿ ಅದೇನೋ ಮಾಡಿ ಒರ್ಸಾಕಿ ದೊಡ್ಡದು ಮಾಡುಸ್ಕೊಂಡ್ ಬಂದ್ಲು. ಪಟ ಅಳೇದಾಗಿ ಗೀರ್ ಬಿದ್ದಿತ್ತಲ್ಲ.”

“ಗೀರಲ್ಲ. ನಾನು ಕತ್ತರಿಸಿದ್ದು.”

ಅವರು ನನ್ನ ಮುಖ ನೋಡಿ ಸ್ವಲ್ಪ ಹೊತ್ತು ನೆನೆಸಿಕೊಂಡರು. “ಏನೋ ಕತ್ರಿ ಇಸ್ಯ ಆಗಿತ್ತು ಅಲ್ವಾ? ನಂಗೆ ಅದೆಲ್ಲ ಗ್ಯಾಪ್ಕ ಇಲ್ಲ ಸಾ. ನೀವು ಆ ಸಾಯೇಬ್ರು ಮುಂದೆ ಗಡಗಡ ನಡುಗ್ತಾ ನಿಂತಿದ್ರಲ್ಲ, ಅದೊಂದ್ ಗ್ಯಾಪ್ಕ ಅದೆ. ಅಯ್ಯೋ ಪಾಪ, ನನ್ ದೆಸೆಯಿಂದ ಈವಯ್ಯ ಬೈಸ್ಕೊಂತಾ ಅವ್ನಲ್ಲ ಅನ್ನುಸ್ತು. ಒಂದ್ ಮಾತ್ ಹೇಳಾಣ ಅಂತ ಆಮೇಕೆ ಎಲ್ಡ್ ಸತಿ ಬಂದೆ. ನೀವು ಅಲ್ಲಿ ಬುಟ್ಟೋಗಿದ್ರಿ ಅಂದ್ರು.”

ನಾನು ಕ್ಷಮಿಸಿ ಎನ್ನಲು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದಕ್ಕೂ ಅಲ್ಲಿ ಜಾಗವಿರಲಿಲ್ಲ. ಅವರು ಅಷ್ಟರಲ್ಲಿ ತಟ್ಟೆ ಹಾಕಿದ್ದರು. ಮುದ್ದೆ, ಸೊಪ್ಪಿನ ಸಾರು. ಊಟ ಮಾಡಿದೆ. ಬಸ್ ಸ್ಟಾಪಿನವರೆಗೆ ಬಂದು ಹತ್ತಿಸಿದರು.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿದ್ದು ನೆನಪಿದೆ. ಆಮೇಲೆ ಯಾರೋ ಭುಜ ಅಲುಗಾಡಿಸಿದರು. ಕಂಡಕ್ಟರು ಬಗ್ಗಿ ನಿಂತಿದ್ದ. ಬಸ್ಸು ಖಾಲಿ.

“ಹಾಸ್ನ ಬಂದು ಎಷ್ಟೊತ್ತಾಯ್ತು, ಎಲ್ರೂ ಇಳ್ಕಂಡ್ರು. ಉಸಾರಿಲ್ವಾ ಯಜಮಾನ್ರೇ?”

“ಇಲ್ಲಪ್ಪ, ನಿದ್ದೆ ಬಂದಿತ್ತು,” ಎಂದೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಹೊರಗೆ ಒಳ್ಳೆಯ ಬಿಸಿಲಿತ್ತು.